ಸೊನ್ನೆಯಿಂದ ಬಲಕ್ಕೆ ಒಂದು ಮನೆ

ನನ್ನ ತಮ್ಮನ ಹೆಂಡತಿ ಸುಗಂಧಿ ಕ್ಯಾಮೆರಾ ಹಿಡಿಯಲು ಕಲಿತದ್ದು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಸೆಯಿಂದ ಅಲ್ಲ, ಹೆದರಿಕೆಯಿಂದ. ಇಪ್ಪತ್ತೈದು ವರ್ಷ ಫೋಟೋಗ್ರಾಫರನ ಮನೆಯಲ್ಲಿ ಬಾಳ್ವೆ ಮಾಡಿದರೂ ಅವಳು ಆ ವಸ್ತುವನ್ನು ಮುಟ್ಟಿದವಳಲ್ಲ. ಧೂಳು ಒರೆಸಲು ಹೋದರೂ ನನ್ನ ತಮ್ಮ ಸುಂದರ, "ಲೆನ್ಸಿಗೆ ಬೆರಳು ತಾಗೀತು ಮಾರಾಯ್ತಿ, ಆಚೆ ಇಡು" ಎನ್ನುತ್ತಿದ್ದ. ಅವಳು ಆಚೆ ಇಡುತ್ತಿದ್ದಳು. ಎದುರಾಡುವ ಜಾತಿಯ ಹೆಂಗಸಲ್ಲ ಅವಳು. ಆ ಕೆಲಸಕ್ಕೆ ಮನೆಯಲ್ಲಿ ನಾನೊಬ್ಬಳು ಸಾಕು.

ನಾನು ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಟೀಚರಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮ ಊರು ಇನ್ನಂಜೆಯಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಲಿ. ನನ್ನ ಮನೆ, ತಮ್ಮನ ಮನೆ ಒಂದೇ ಅಂಗಳದ ಆಚೆ ಈಚೆ. ನಾವು ಆಡುವುದು ತುಳು. ಅದನ್ನು ಇಲ್ಲಿ ನನಗೆ ಬರೆಯಲು ಬರುವ ಕನ್ನಡದಲ್ಲಿ ಹೇಳುತ್ತಿದ್ದೇನೆ. ಒಂದು ಮಾತನ್ನು ಮಾತ್ರ ತುಳುವಿನಲ್ಲೇ ಇಡಬೇಕು. ಸುಂದರನ ಸ್ಟುಡಿಯೋ ಕಾಪು ಪೇಟೆಯಲ್ಲಿ. ಅಲ್ಲಿಗೆ ಬಂದ ಪ್ರತಿಯೊಬ್ಬ ಮದುಮಗಳ ತಾಯಿಯೂ ಅವನ ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ ಮಾತು ಅದು: "ಒಂತೆ ಬೊಳ್ದು ಮಲ್ಪುಲೆ." ಸ್ವಲ್ಪ ಬೆಳ್ಳಗೆ ಮಾಡಿ ಎಂದು ಅರ್ಥ. ಅವನು ಮಾಡಿಕೊಡುತ್ತಿದ್ದ. ಉಡುಪಿಯಿಂದ ಕಾರ್ಕಳದವರೆಗೆ ಎಷ್ಟು ಮನೆಗಳ ಗೋಡೆಯ ಮೇಲೆ ಅವನು ಬೆಳ್ಳಗೆ ಮಾಡಿದ ಮದುಮಗಳಂದಿರು ಇದ್ದಾರೋ ಲೆಕ್ಕ ಇಲ್ಲ.

ಸುಂದರನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೋದ ಬೇಸಗೆಯಲ್ಲಿ ಕಾಪು ಬೀಚಿನ ಬಂಡೆಗಳ ಹತ್ತಿರ, ಮದುವೆಗೆ ಮೊದಲು ತೆಗೆಸುತ್ತಾರಲ್ಲ, ಆ ಶೂಟಿಂಗ್ ಇತ್ತು. ಚಪ್ಪಲಿ ಕಳಚಿಟ್ಟು ನೀರಿಗಿಳಿದವನಿಗೆ ಮರುವಾಯಿ ಕಪ್ಪೆಚಿಪ್ಪು ಕಾಲಿಗೆ ಕೊಯ್ದದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟಾಗ ಸುಗಂಧಿ ರಕ್ತ ನೋಡಿದಳು. ಅವನ ಪಾದಗಳಲ್ಲಿ ಸ್ಪರ್ಶವೇ ಸತ್ತಿತ್ತು. ಎರಡು ತಿಂಗಳಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಬಲಗಾಲಿನ ಹೆಬ್ಬೆರಳು ತೆಗೆದರು. ಡಾಕ್ಟರು ನೇರವಾಗಿ ಹೇಳಿದರು: ಗಾಯ ಅಂಗಾಲಿನ ಕಡೆಗೆ ಕಪ್ಪಾಗುತ್ತಾ ಹೋದರೆ ತಡಮಾಡುವ ಹಾಗಿಲ್ಲ, ತಡವಾದರೆ ಮಂಡಿಯವರೆಗೆ ತೆಗೆಯಬೇಕಾಗುತ್ತದೆ.

ಮಂಡಿ ಎಂಬ ಶಬ್ದ ನಮ್ಮ ಮನೆಗೆ ಹೊಸದಲ್ಲ. ನಮ್ಮ ಅಪ್ಪನಿಗೂ ಹೀಗೆಯೇ ಆಗಿತ್ತು. ಮೊದಲು ಬೆರಳು, ಆಮೇಲೆ ಮಂಡಿ, ಆಮೇಲೆ ಐದೇ ತಿಂಗಳು. ಸುಂದರ ಆಗ ಹದಿನೇಳರವನು. ಅಪ್ಪನನ್ನು ಎತ್ತಿ ಬಚ್ಚಲಿಗೆ ಕರೆದೊಯ್ಯುತ್ತಿದ್ದವನು ಅವನೇ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅವನು ನನ್ನ ಮುಖ ನೋಡಲಿಲ್ಲ, ನಾನು ಅವನ ಮುಖ ನೋಡಲಿಲ್ಲ.

ವಾರಕ್ಕೆರಡು ಸಲ ಮಣಿಪಾಲಕ್ಕೆ ಹೋಗಿ ಬರುವುದು ಆಗದ ಮಾತು. ಗಾಯದ ವಿಭಾಗದ ನರ್ಸ್ ಬ್ರದರ್ ಜೋಯ್‌ಸ್ಟನ್ ಒಂದು ಉಪಾಯ ಹೇಳಿದರು. ಪ್ರತಿ ಸೋಮವಾರ, ಗುರುವಾರ ಡ್ರೆಸಿಂಗ್ ಬಿಚ್ಚಿದಾಗ ಅಂಗಾಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಬೇಕು. ಪಕ್ಕದಲ್ಲಿ ಒಂದು ತುಂಡು ಹೊಸ ಗಾಝ್ ಬಟ್ಟೆ ಇಡಬೇಕು, ಬಿಳಿ ಯಾವುದೆಂದು ಗೊತ್ತಾದರೆ ಉಳಿದ ಬಣ್ಣ ಅಂದಾಜಾಗುತ್ತದೆ. ಒಳ್ಳೆಯ ಜನ. ಆದರೆ ಸುಗಂಧಿ ಫೋನಿನಲ್ಲಿ ತೆಗೆದ ಮೊದಲ ಎರಡು ಫೋಟೋ ನೋಡಿ ಪಾಪ ಅವರೂ ಸೋತರು.

"ಅಕ್ಕ, ಬೇಸರ ಮಾಡಬೇಡಿ," ಎಂದರು ಫೋನಿನಲ್ಲಿ. "ಇದು ಕಾಲಾ, ಹಲಸಿನ ತೊಳೆಯಾ ಅಂತ ಗೊತ್ತಾಗುವುದಿಲ್ಲ. ಚರ್ಮದ ಗೆರೆಗಳು ಕಾಣಬೇಕು."

ಕೇಳಿಸಿಕೊಂಡ ಸುಂದರನಿಗೆ ಅವಮಾನವಾಯಿತು. ಫೋನು ಚರ್ಮವನ್ನು ತಾನಾಗಿಯೇ ನಯಮಾಡಿಬಿಡುತ್ತದೆ ಎಂದು ಬೈದ. "ನನ್ನ ಕಾಲಿನ ಫೋಟೋ ನನ್ನ ಕ್ಯಾಮೆರಾದಲ್ಲೇ ಆಗಬೇಕು. ಬಾ ಇಲ್ಲಿ, ಕಲಿ," ಎಂದು ಸುಗಂಧಿಯನ್ನು ಕರೆದ. ತನ್ನ ಅಂಗಾಲನ್ನು ತಾನೇ ತೆಗೆಯಲು ಆಗುವುದಿಲ್ಲವಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂಬ ಗಾದೆಯನ್ನು ನಾನು ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ಬರೆದವಳು. ಅಂಗಾಲಿನ ಹುಣ್ಣಿಗೆ ಮಾತ್ರ ಬೇಕೇ ಬೇಕು ಎಂದು ಆಗ ಹೊಳೆಯಲಿಲ್ಲ.

ಮೊದಲ ದಿನ ಅವಳ ಕೈ ಎಷ್ಟು ನಡುಗಿತೆಂದರೆ ತೆಗೆದ ಚಿತ್ರದಲ್ಲಿ ಅಂಗಳದ ತುಳಸಿಕಟ್ಟೆ ಎರಡಾಗಿ ಬಂತು. "ಮೊಣಕೈ ಪಕ್ಕೆಗೆ ಒತ್ತಿ ಹಿಡಿ. ಉಸಿರು ಬಿಟ್ಟು ಆಮೇಲೆ ಒತ್ತು," ಎಂದ ಸುಂದರ. ಅವಳು ಉಸಿರು ಬಿಟ್ಟಳು, ಒತ್ತುವುದು ಮರೆತಳು. ನನಗೆ ನಗು ಬಂತು, ಅವಳಿಗೆ ಅಳು.

ಎರಡನೆಯ ದಿನ ಎಕ್ಸ್‌ಪೋಶರ್. ಬೆಳಕು ಎಷ್ಟು ಒಳಗೆ ಹೋಗಬೇಕು ಎಂಬ ಲೆಕ್ಕ. ಅಪರ್ಚರ್, ಶಟರ್, ಐಎಸ್‌ಒ ಎಂದು ಅವನು ಅಂಕಿ ಹೇಳಿದಷ್ಟೂ ಅವಳ ಮುಖ ಬಾಡಿತು. ಅರ್ಧ ಗಂಟೆ ಸುಮ್ಮನೆ ಕೇಳಿ, ಕೊನೆಗೆ ಮೆಲ್ಲಗೆ ಹೇಳಿದಳು: "ನೀರುದೋಸೆಯ ಹಾಗೆ ಅಲ್ವಾ? ಅಪರ್ಚರ್ ಅಂದರೆ ಒಲೆಯ ಬೆಂಕಿ. ಶಟರ್ ಅಂದರೆ ದೋಸೆ ಕಾವಲಿಯಲ್ಲಿ ಇರುವ ಹೊತ್ತು. ಬೆಂಕಿ ಜಾಸ್ತಿಯಾದರೆ ಬೇಗ ತೆಗೆಯಬೇಕು. ಆ ಮೂರನೆಯದು ಹಿಟ್ಟು. ತೆಳು ಮಾಡಿದರೆ ಬೇಗ ಬೇಯುತ್ತದೆ, ತೀರಾ ತೆಳುವಾದರೆ ಹರಿಯುತ್ತದೆ."

ಸುಂದರ ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟ. ತನ್ನಿಂದ ಕೆಲಸ ಕಲಿತವರು ಯಾರೂ ಇಷ್ಟು ಬೇಗ ಹಿಡಿಯಲಿಲ್ಲ ಎಂದು ಆಮೇಲೆ ನನ್ನಲ್ಲಿ ಹೇಳಿದ. ಕ್ಯಾಮೆರಾದ ಪರದೆಯ ಕೆಳಗೆ ಒಂದು ಸಣ್ಣ ಗೆರೆ ಇರುತ್ತದೆ. ನಡುವೆ ಸೊನ್ನೆ. ಸೂಜಿ ಸೊನ್ನೆಯಲ್ಲಿದ್ದರೆ ಬೆಳಕು ಸರಿ, ಬಲಕ್ಕೆ ಹೋದಷ್ಟೂ ಬಿಳುಪು, ಎಡಕ್ಕೆ ಹೋದಷ್ಟೂ ಕಪ್ಪು. ಆ ಗೆರೆಯ ಒಂದೊಂದು ಗುರುತಿಗೆ ಸ್ಟಾಪ್ ಎಂದು ಹೆಸರು. ಸ್ಟಾಪ್ ಎಂದರೆ ಅವಳಿಗೆ ಬಸ್ ಸ್ಟಾಪೇ ಕಣ್ಣಿಗೆ ಬರುತ್ತಿತ್ತು. ಅದಕ್ಕೆ ಅವನು ಚೆನ್ನೆಮಣೆ ಆಟದ ಗುಳಿಗಳ ಲೆಕ್ಕದಲ್ಲಿ ಹೇಳಿಕೊಟ್ಟ: ಬಲಕ್ಕೆ ಒಂದು ಮನೆ, ಎಡಕ್ಕೆ ಒಂದು ಮನೆ.

ಮೂರನೆಯ ಪಾಠ ಬಾವಿಕಟ್ಟೆಯ ಹತ್ತಿರ. ನಮ್ಮ ಬಾವಿಕಟ್ಟೆ ಮುರಕಲ್ಲಿನದು, ಮೈತುಂಬ ತೂತು. ನಡುಮಧ್ಯಾಹ್ನ ತೆಗೆಸಿದ ಫೋಟೋದಲ್ಲಿ ಅದು ಕೆಂಪು ಸುಣ್ಣ ಬಳಿದ ಗೋಡೆಯ ಹಾಗೆ ಚಪ್ಪಟೆ ಬಂತು. ಮರುದಿನ ಬೆಳಿಗ್ಗೆ ಏಳಕ್ಕೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಸಿದ. ಒಂದೊಂದು ತೂತಿಗೂ ಒಂದೊಂದು ನೆರಳು ಬಂದು, ಕೈಯಿಟ್ಟರೆ ತರಚೀತು ಎನ್ನುವಂತಿತ್ತು. "ಇದು ಟೆಕ್ಸ್‌ಚರ್. ಬೆಳಕು ಬದಿಯಿಂದ ಬಂದರೆ ಮಾತ್ರ ಮೈ ಕಾಣುವುದು," ಎಂದ.

"ಇದು ನನಗೆ ಗೊತ್ತುಂಟು," ಎಂದಳು ಸುಗಂಧಿ. ಅವಳ ತವರು ಕಾರ್ಕಳ. ಅಪ್ಪ ಕಪ್ಪು ಕಲ್ಲಿನಲ್ಲಿ ಹಿಟ್ಟು ಕಡೆಯುವ ಕಲ್ಲು ಮಾಡುತ್ತಿದ್ದವರು. ಕಲ್ಲಿಗೆ ಉಳಿ ಹಾಕುವ ಮೊದಲು ಬೆಳಗಿನ ಬಿಸಿಲಿಗೆ ಕಾದು, ನೆಲಕ್ಕೆ ಕೆನ್ನೆ ತಾಗಿಸಿ ಬದಿಯಿಂದ ನೋಡುತ್ತಿದ್ದರಂತೆ, ಕೂದಲೆಳೆಯಷ್ಟು ಬಿರುಕೂ ಆಗ ಎದ್ದು ಕಾಣುತ್ತದೆ ಎಂದು. ಮಧ್ಯಾಹ್ನದ ಬಿಸಿಲಿಗೆ ಎಲ್ಲ ಕಲ್ಲೂ ಒಳ್ಳೆಯದೇ ಎಂಬುದು ಅವರ ಮಾತು.

ಇಷ್ಟು ಕಲಿತ ಮೇಲೆ ಕಾಲಿನ ಫೋಟೋ ಸುರುವಾಯಿತು. ಸುಂದರ ಜಗಲಿಯ ಬೆಂಚಿನ ಮೇಲೆ ಮಲಗಿ ಪಾದವನ್ನು ಸ್ಟೂಲಿನ ಮೇಲಿಡುತ್ತಿದ್ದ. ನನ್ನ ಕೈಗೆ ಒಂದು ಬಿಳಿ ಥರ್ಮಕೋಲ್ ಹಲಗೆ ಕೊಟ್ಟು, ಎದುರಿನಿಂದ ಬೆಳಕು ಪಾದದ ಮೇಲೆ ಬೀಳುವಂತೆ ಹಿಡಿಸುತ್ತಿದ್ದ. ಆಮೇಲೆ ಮಲಗಿದಲ್ಲಿಂದಲೇ ಹೇಳುತ್ತಿದ್ದ: "ಸೊನ್ನೆಯಿಂದ ಬಲಕ್ಕೆ ಒಂದು ಮನೆ."

"ಕಲ್ಲಿಗೆ ಬದಿಯ ಬೆಳಕು ಅಂದಿರಿ. ಇದಕ್ಕೆ ಎದುರಿನಿಂದ ಯಾಕೆ?" ಎಂದು ಮೊದಲ ದಿನವೇ ಅವಳು ಕೇಳಿದಳು.

"ಕಲ್ಲು ಬೇರೆ, ಚರ್ಮ ಬೇರೆ. ಮದುಮಗಳಿಗೆ ಬದಿಯಿಂದ ಲೈಟ್ ಹಾಕಿದರೆ ಮೊಡವೆ ಎಲ್ಲ ಎದ್ದು ಕಾಣುತ್ತದೆ. ಚರ್ಮಕ್ಕೆ ಯಾವಾಗಲೂ ಎದುರಿನ ಬೆಳಕು, ಒಂದು ಮನೆ ಬಲಕ್ಕೆ. ನಾನು ಮೂವತ್ತು ವರ್ಷದಿಂದ ಮಾಡುವುದು ಅದೇ."

ಯಾರು ಎದುರು ಹೇಳುತ್ತಾರೆ? ಕಲಿಸುವವನು ಅವನು. ಫೋಟೋಗಳು ತಿಳಿಗುಲಾಬಿ ಬಣ್ಣದಲ್ಲಿ ಬಂದವು. ಎರಡು ವಾರ ಬ್ರದರ್ ಜೋಯ್‌ಸ್ಟನ್ ಹೆಬ್ಬೆರಳ ಚಿಹ್ನೆ ಕಳಿಸಿದರು. ಬೆರಳು ಹೋದ ಕಾಲಿಗೆ ಹೆಬ್ಬೆರಳಿನ ಮೆಚ್ಚುಗೆ. ಆದರೂ ಅದನ್ನು ನೋಡುವಾಗ ನನ್ನ ಎದೆಯ ಭಾರ ಸ್ವಲ್ಪ ಇಳಿಯುತ್ತಿತ್ತು. "ಚಂದ ಬಂದಿದೆ," ಎಂದು ನಾನೂ ಹೇಳಿದೆ. ನಿಟ್ಟೆಯ ಹಾಸ್ಟೆಲಿನಲ್ಲಿರುವ ಅವರ ಮಗಳು ತೃಷಾಳಿಗೂ ಅವೇ ಫೋಟೋ ಹೋದವು. ಪರೀಕ್ಷೆ ಇತ್ತು ಅವಳಿಗೆ, ಹೆದರಿಸುವುದು ಬೇಡ ಎಂದು.

ಮೂರನೆಯ ವಾರ ಸುಗಂಧಿ ನನ್ನನ್ನು ಹಿತ್ತಿಲಿಗೆ ಕರೆದಳು. "ಅಕ್ಕ, ಕಿರುಬೆರಳಿನ ಬುಡ ಕಪ್ಪಾದ ಹಾಗೆ ಉಂಟು. ಅವರಿಗೆ ಹೇಳಿದೆ. ಅದು ನೆರಳು, ನಿನಗೆ ಎಕ್ಸ್‌ಪೋಶರ್ ಇನ್ನೂ ಗೊತ್ತಾಗಲಿಲ್ಲ ಅಂದರು."

"ಅವನಿಗಿಂತ ನಿನಗೆ ಜಾಸ್ತಿ ಗೊತ್ತುಂಟಾ?" ಎಂದೆ ನಾನು. ಸಿಡುಕಿನಿಂದಲೇ ಹೇಳಿದೆ. ನನಗೆ ಆ ಮಾತು ಕೇಳುವುದು ಬೇಡವಾಗಿತ್ತು.

ಆ ಸೋಮವಾರ ಜೋಯ್‌ಸ್ಟನ್ ಫೋನ್ ಮಾಡಿ, "ಗಾಝಿನ ನೂಲೇ ಕಾಣುವುದಿಲ್ಲ, ಬರೀ ಬಿಳಿ. ಬೆಳಕು ಜಾಸ್ತಿಯಾಯಿತಾ?" ಎಂದು ಕೇಳಿದರು. ಸುಂದರ ಫೋನ್ ಕಿತ್ತುಕೊಂಡು, "ಹೊಸಬಳಲ್ವಾ ಬ್ರದರ್, ಕಲಿಯುತ್ತಿದ್ದಾಳೆ. ಮುಂದಿನ ಸಲ ಸರಿ ಮಾಡಿಸುತ್ತೇನೆ," ಎಂದ. ಸುಗಂಧಿ ತಲೆ ತಗ್ಗಿಸಿ ಸೆರಗಿನಿಂದ ಲೆನ್ಸಿನ ಮುಚ್ಚಳ ಒರೆಸುತ್ತಾ ನಿಂತಳು. ತಪ್ಪು ತನ್ನದೇ ಎಂದು ಅವಳು ನಂಬಿದ್ದಳು.

ಅದೇ ಸಂಜೆ ಅವನು ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇರಿಸಿಕೊಂಡನಂತೆ. "ನನ್ನ ಮೇಲಾಣೆ. ನಾನು ನೋಡದೆ ಒಂದು ಫೋಟೋವೂ ಮಣಿಪಾಲಕ್ಕೆ ಹೋಗಬಾರದು." ನಮ್ಮಲ್ಲಿ ತಲೆ ಮುಟ್ಟಿ ಹಾಕಿಸಿದ ಆಣೆ ಎಂದರೆ ಆಟವಲ್ಲ. ಮುರಿದರೆ ಯಾರ ತಲೆಯೋ ಅವರಿಗೇ ತಾಗುತ್ತದೆ ಎಂದು ನಂಬಿದವರು ನಾವು. ನಾನು ಓದಿದವಳು, ನಾನೂ ನಂಬುತ್ತೇನೆ.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಅವಳು ಬಂದು ನನ್ನ ಬಾಗಿಲು ತಟ್ಟಿದಳು. ಸುಂದರ ಚಳಿಜ್ವರ ಬಂದು, ಮಾತ್ರೆ ನುಂಗಿ ಮಂಪರಿನಲ್ಲಿದ್ದ. ಕೋಣೆಗೆ ಕಾಲಿಟ್ಟದ್ದೇ ನನಗೆ ವಾಸನೆ ಬಂತು. ಅಪ್ಪನ ಕೋಣೆಯ ವಾಸನೆ ಅದು. ನಲವತ್ತು ವರ್ಷ ಕಳೆದರೂ ಮೂಗು ಮರೆತಿರಲಿಲ್ಲ.

ಅಭ್ಯಾಸಬಲದಿಂದ ಥರ್ಮಕೋಲ್ ಎತ್ತಲು ಹೋದೆ. "ಅದು ಬೇಡ ಅಕ್ಕ," ಎಂದಳು. "ಪಡುವಣ ಕಿಟಕಿ ಮುಚ್ಚಿ. ಬಾಗಿಲೂ ಮುಚ್ಚಿ. ಮೂಡಣದ್ದು ಮಾತ್ರ ಇರಲಿ."

ಮುಚ್ಚಿದೆ. ಬೆಳಗಿನ ಬಿಸಿಲು ಒಂದೇ ಕಿಟಕಿಯಿಂದ ಓರೆಯಾಗಿ ಮಂಚದ ಮೇಲೆ ಬಿತ್ತು. ಅವಳು ಮೆಲ್ಲನೆ ಡ್ರೆಸಿಂಗ್ ಬಿಚ್ಚಿ, ಹೊಸ ಗಾಝಿನ ತುಂಡು ಪಕ್ಕದಲ್ಲಿಟ್ಟಳು. ನೆಲದ ಮೇಲೆ ಮಂಡಿಯೂರಿ, ಅವಳ ಅಪ್ಪ ಕಲ್ಲು ನೋಡುತ್ತಿದ್ದ ಹಾಗೆ ಕೆನ್ನೆ ತಗ್ಗಿಸಿದಳು. ಹೆಬ್ಬೆರಳಿನಿಂದ ಗಾಲಿ ತಿರುಗಿಸಿದಳು. ಬಲಕ್ಕೆ ಅಲ್ಲ, ಹಿಂದಕ್ಕೆ, ಸೂಜಿ ಸೊನ್ನೆಗೆ ಬರುವವರೆಗೆ. ಮೊಣಕೈಯನ್ನು ಮಂಚದ ಅಂಚಿಗೆ ಒತ್ತಿ, ಉಸಿರು ಬಿಟ್ಟು, ಒತ್ತಿದಳು.

ಇಬ್ಬರೂ ಪರದೆಯ ಮೇಲೆ ಬಗ್ಗಿದೆವು. ಮೊದಲು ಕಂಡದ್ದು ಗಾಝ್. ಅದರ ಒಂದೊಂದು ನೂಲೂ, ನೂಲುಗಳ ನಡುವಿನ ಕಿಂಡಿಯೂ ಕಾಣುತ್ತಿತ್ತು. ಆಮೇಲೆ ಹಿಮ್ಮಡಿಯ ಒಡಕುಗಳು. ಆಮೇಲೆ ಅದು. ಕಿರುಬೆರಳಿನ ಬುಡದಿಂದ ಅಂಗಾಲಿನ ಕಡೆಗೆ ನಾಲ್ಕು ಬೆರಳಗಲ ಕಪ್ಪು ಹರಿದಿತ್ತು, ಅದರ ಸುತ್ತ ಚರ್ಮ ಹೊಳೆಯುತ್ತಾ ಮೇಲೆದ್ದಿತ್ತು. ನೆರಳಲ್ಲ. ನೆರಳು ಹಾಗೆ ಹರಿಯುವುದಿಲ್ಲ.

ಆಗ ನಾನು ಹೇಳಿದ ಮಾತನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಕಳಿಸಬೇಡ," ಎಂದೆ. "ಸೋಮವಾರದವರೆಗೆ ನೋಡುವ. ಮಾತ್ರೆಗೆ ಇಳಿದೀತು." ಮಂಡಿಯವರೆಗೆ ಕಡಿಸಿಕೊಂಡ ತಮ್ಮನನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಕಾಲು ಕೊಳೆಯಲಿ ಎಂದ ಹಾಗಾಯಿತು ನನ್ನ ಮಾತು.

ಸುಗಂಧಿ ಕಾರ್ಡ್ ತೆಗೆದು ಫೋನಿಗೆ ಸಿಕ್ಕಿಸಿದಳು. ಬೆರಳು ಕಳಿಸುವ ಗುಂಡಿಯ ಮೇಲೆ ನಿಂತಿತು. "ಅಕ್ಕ, ಆಣೆ ಉಂಟು," ಎಂದಳು. "ಮುರಿದು ಅವರ ಜೀವಕ್ಕೇ ಏನಾದರೂ ಆದರೆ ನಾನು ಎಂತ ಮಾಡಲಿ?"

ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಅಂದು ಕಟ್ಟಿಹೋಗಿತ್ತು. ಅವಳು ಮಲಗಿದ್ದ ಗಂಡನ ಮುಖವನ್ನೊಮ್ಮೆ ನೋಡಿದಳು. "ತಾಗುವುದಿದ್ದರೆ ನನಗೆ ತಾಗಲಿ," ಎಂದು ಗೋಡೆಯ ಕಡೆಗೆ ತಿರುಗಿ ಯಾರಿಗೋ ಹೇಳಿ, ಒತ್ತಿಬಿಟ್ಟಳು.

ನಾಲ್ಕು ನಿಮಿಷಕ್ಕೆ ಫೋನ್ ಬಂತು. ಜೋಯ್‌ಸ್ಟನ್ ಎಂದಿನ ಹಾಗೆ ನಮಸ್ಕಾರ ಹೇಳಲಿಲ್ಲ. "ಜ್ವರ ಉಂಟಾ?"

"ಉಂಟು."

"ಈಗಲೇ ಹೊರಡಿ ಅಕ್ಕ. ತಿಂಡಿಗೆ ಕಾಯಬೇಡಿ, ಯಾರನ್ನೂ ಕೇಳಬೇಡಿ. ಡಾಕ್ಟರಿಗೆ ನಾನು ಹೇಳಿಡುತ್ತೇನೆ."

ನೆರೆಯ ಅಬ್ದುಲ್ ಹಕೀಂ ರಿಕ್ಷಾ ಅಂಗಳಕ್ಕೇ ತಂದರು. ಎಚ್ಚರವಾದ ಸುಂದರ, ಮಣಿಪಾಲಕ್ಕೆ ಎಂದು ತಿಳಿದದ್ದೇ ಮೊದಲು ಕೇಳಿದ್ದು, "ಯಾರು ಫೋಟೋ ಕಳಿಸಿದ್ದು?" ಸುಗಂಧಿ "ನಾನು" ಎಂದಳು. ಅವನು ಅವಳನ್ನು ನೋಡಿದ ನೋಟಕ್ಕೆ ನಾನೇ ಹಿಂದೆ ಸರಿದೆ. ರಿಕ್ಷಾ ಕಟಪಾಡಿ ದಾಟಿತು. ಅವಳು ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ರಸ್ತೆಯ ಹೊಂಡ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ಆಣೆ ಈಗ ತಾಗೀತು, ಈಗ ತಾಗೀತು ಎಂದು ಅವನ ಉಸಿರನ್ನೇ ನೋಡುತ್ತಿದ್ದಳು. ನಾನೂ ಅದನ್ನೇ ನೋಡುತ್ತಿದ್ದೆ.

ಉದ್ಯಾವರದ ಸೇತುವೆಯ ಮೇಲೆ ಅವನು ಬಾಯಿಬಿಟ್ಟ. "ನನಗೆ ಗೊತ್ತಿತ್ತು."

"ಎಂತ ಗೊತ್ತಿತ್ತು?" ಎಂದೆ.

"ಹತ್ತು ದಿನ ಆಯಿತು ಅಕ್ಕ. ಮದುಮಗಳಂದಿರಿಗೆ ಕೊಡುವ ಕೈಗನ್ನಡಿ ಉಂಟಲ್ಲ ಸ್ಟುಡಿಯೋದ್ದು, ಅದನ್ನು ಕಾಲಿನ ಕೆಳಗೆ ಹಿಡಿದು ನೋಡಿದ್ದೆ. ಕಪ್ಪು ಕಂಡಿತು. ಅಪ್ಪನದೇ ನೆನಪಾಯಿತು. ಮೊದಲೆಲ್ಲ ಅಭ್ಯಾಸಕ್ಕೆ ಒಂದು ಮನೆ ಏರಿಸಿದ್ದು. ಕನ್ನಡಿ ನೋಡಿದ ಮೇಲೆ ಹೆದರಿ ಏರಿಸಿದ್ದು. ಫೋಟೋದಲ್ಲಿ ಬೆಳ್ಳಗೆ ಕಂಡರೆ ನನಗೂ ಸ್ವಲ್ಪ ಹೊತ್ತು ಹಾಗೇ ಅನಿಸುತ್ತಿತ್ತು."

ಬೇರೆ ದಿನವಾಗಿದ್ದರೆ ನಾನು ಅವನ ಗ್ರಹಚಾರ ಬಿಡಿಸುತ್ತಿದ್ದೆ. ಹೆಂಡತಿಯನ್ನು ಪರರ ಮುಂದೆ ಏನೂ ಬಾರದವಳೆಂದು ನಿಲ್ಲಿಸಿದ್ದಕ್ಕಾದರೂ ಬೈಯಬೇಕಿತ್ತು. ಆದರೆ ಒಂದು ಗಂಟೆಯ ಹಿಂದೆ ಕಳಿಸಬೇಡ ಎಂದವಳು ನಾನು. ಯಾವ ಬಾಯಿಂದ ಬೈಯಲಿ? ಸುಗಂಧಿ ಅವನ ಪಾದಕ್ಕೆ ಬಿಸಿಲು ಬೀಳದಂತೆ ಸೆರಗು ಹೊದಿಸಿದಳು.

ಅವತ್ತೇ ಮಧ್ಯಾಹ್ನ ಆಪರೇಶನ್. ಕಾಗದಕ್ಕೆ ಸಹಿ ಹಾಕುವಾಗ ಸುಗಂಧಿ ತನ್ನ ಹೆಸರಿನ ಒಂದು ಅಕ್ಷರ ಬಿಟ್ಟಳು, ಮತ್ತೆ ತಿದ್ದಿದಳು. ನಾವಿಬ್ಬರೂ ಬೆಂಚಿನ ಮೇಲೆ ಕೂತೆವು. ಅವಳು ಬೆರಳು ಮಡಚುತ್ತಾ ಕಾಪುವಿನ ಮಾರಿಯಮ್ಮನಿಗೆ ಹರಕೆ ಹೇಳಿದಳು, ಕಾರ್ಕಳದ ತನ್ನ ತವರಿನ ದೈವಕ್ಕೆ ಹೇಳಿದಳು, ಕೊನೆಗೆ ಹರಕೆ ಹೇಳಲು ಯಾರೂ ಉಳಿಯದೆ ಸುಮ್ಮನಾದಳು. ಮೂರು ಗಂಟೆ ಕಳೆದ ಮೇಲೆ ಡಾಕ್ಟರು ಹೊರಗೆ ಬಂದರು. ಪಾದದ ಮುಂದಿನ ಅರ್ಧ ಹೋಯಿತು. ಹಿಮ್ಮಡಿ, ಹರಡು, ಮಂಡಿ ಉಳಿಯಿತು. ಹೇಳಿ ಮಾಡಿಸಿದ ಬೂಟು ಹಾಕಿದರೆ ನಡೆಯಬಹುದು. "ಸೋಮವಾರ ಬಂದಿದ್ದರೆ ನಾನು ಬೇರೆ ಮಾತು ಹೇಳಬೇಕಾಗಿತ್ತು," ಎಂದರು. ಸೋಮವಾರ ಎಂಬ ಶಬ್ದ ಕೇಳಿ ನಾನು ಮುಖ ಮುಚ್ಚಿಕೊಂಡೆ.

ಇಪ್ಪತ್ತು ದಿನ ಬಿಟ್ಟು ಮನೆಗೆ ಬಂದೆವು. ಜೋಯ್‌ಸ್ಟನ್ ಮತ್ತೆ ಅದೇ ನಿಯಮ ಹಾಕಿದ್ದರು, ಸೋಮವಾರ ಮತ್ತು ಗುರುವಾರ. ಹೊಲಿಗೆಯ ಅಂಚು ಕಪ್ಪಾದರೆ ಮತ್ತೆ ಮೊದಲಿನಿಂದ. ಆಪತ್ತು ಮುಗಿದಿರಲಿಲ್ಲ, ಈಗಲೂ ಮುಗಿದಿಲ್ಲ.

ಮೊದಲ ಸೋಮವಾರ ಬೆಳಿಗ್ಗೆ ನಾನು ಹೇಳಿಸಿಕೊಳ್ಳದೆ ಪಡುವಣ ಕಿಟಕಿ ಮುಚ್ಚಿದೆ. ಸುಗಂಧಿ ಡ್ರೆಸಿಂಗ್ ಬಿಚ್ಚಿದಳು, ಗಾಝ್ ಇಟ್ಟಳು. ಆದರೆ ಕ್ಯಾಮೆರಾ ಮುಟ್ಟಲು ಕೈ ಮುಂದೆ ಬರಲಿಲ್ಲ. ಮುರಿದ ಆಣೆ ಅವಳ ಎದೆಯಲ್ಲಿ ಹಾಗೆಯೇ ಕೂತಿತ್ತು. ಆಸ್ಪತ್ರೆಯಲ್ಲಿ ಅವನಿಗೆ ಒಂದು ಕೆಮ್ಮು ಬಂದರೂ ಅವಳು ಎದ್ದು ಕೂರುತ್ತಿದ್ದಳು. ಈಗ ಇನ್ನೊಂದು ಚಿತ್ರ ತೆಗೆದು, ಇನ್ನೇನು ಕಾಣುತ್ತದೋ ಎಂದು ಗೋಡೆಗೆ ಒರಗಿ ನಿಂತಳು.

ಸುಂದರ ಮಲಗಿದಲ್ಲಿಂದ ಕೈಚಾಚಿ ಕ್ಯಾಮೆರಾ ತೆಗೆದುಕೊಂಡ. ಗಾಲಿ ತಿರುಗಿಸಿ ಪರದೆ ನೋಡಿ, ಸೂಜಿಯನ್ನು ಸೊನ್ನೆಗೆ ತಂದ. ಅವಳನ್ನು ಹತ್ತಿರ ಕರೆದು, ಕ್ಯಾಮೆರಾದ ಪಟ್ಟಿಯನ್ನು ಅವಳ ಕುತ್ತಿಗೆಗೆ ಹಾಕಿದ. ಆಮೇಲೆ ಅವಳ ಬಲಗೈಯನ್ನು ಎಳೆದು ತನ್ನ ತಲೆಯ ಮೇಲೆ ಇರಿಸಿಕೊಂಡ. ಅವಳು ಹೆದರಿ ಕೈ ಕಿತ್ತುಕೊಳ್ಳಲು ನೋಡಿದಳು, ಅವನು ಬಿಡಲಿಲ್ಲ.

"ನನ್ನ ಮೇಲಾಣೆ," ಎಂದ. "ಬೊಳ್ದು ಮಲ್ಪಡ."

ಬೆಳ್ಳಗೆ ಮಾಡಬೇಡ. ಅವಳು ಕಣ್ಣು ಒರೆಸಿಕೊಂಡು, ಮೊಣಕೈಯನ್ನು ಮಂಚದ ಅಂಚಿಗೆ ಒತ್ತಿ, ಉಸಿರು ಬಿಟ್ಟಳು.